ದೂಮನನ್ನು ಕರೆದದ್ದು

ಗುರುವಪ್ಪನ ಮನೆಯಲ್ಲಿ ತುಳುವಿನಲ್ಲಿ ಹೇಳಿದ್ದನ್ನು ಕೇಳಿ ಹಾಗೆಯೇ ನಡೆಯುತ್ತಿದ್ದವನು ನಾಯಿ ಒಬ್ಬನೇ. ಮಗಳು ಸಂಜನಾಳಿಗೆ ಬಾಗಿಲು ಹಾಕು ಎಂದು ತುಳುವಿನಲ್ಲಿ ಹೇಳಿದರೆ 'ಹೋ ಬಾಬಾ' ಎಂದು ಮರಾಠಿಯಲ್ಲಿ ಉತ್ತರ ಬರುತ್ತಿತ್ತು, ಬಾಗಿಲು ಮಾತ್ರ ತೆರೆದೇ ಇರುತ್ತಿತ್ತು. ಹೆಂಡತಿ ದಮಯಂತಿಯಂತೂ ಮೂವತ್ತು ವರ್ಷದ ಸಂಸಾರದಲ್ಲಿ ಗಂಡನ ಮಾತನ್ನು ಒಂದೇ ಸಲಕ್ಕೆ ಕೇಳಿದ್ದು ಯಾರಿಗೂ ನೆನಪಿಲ್ಲ. ನಾಯಿ ಹಾಗಲ್ಲ. 'ಕುಲ್ಲು' ಎಂದರೆ ಕೂರುತ್ತಿತ್ತು, 'ಉಂತು' ಎಂದರೆ ನಿಲ್ಲುತ್ತಿತ್ತು, 'ಬಲ' ಎಂದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು. ಅದಕ್ಕೆ ದೂಮ ಎಂದು ಹೆಸರಿಟ್ಟದ್ದೂ ಗುರುವಪ್ಪನೇ. ಅದು ಅವನ ಅಜ್ಜನ ಹೆಸರು. ಊರಿನವರು ಕೇಳಿದ್ದರೆ ಹೊಡೆಯುತ್ತಿದ್ದರು. ಮುಂಬಯಿ ಪಕ್ಕದ ಈ ಡೊಂಬಿವಿಲಿಯಲ್ಲಿ ಕೇಳುವವರು ಯಾರು?

ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನಲ್ಲಿ ಮೂವತ್ತೆರಡು ವರ್ಷ ಅಡುಗೆಮನೆಯ ಕಡೆಗೆ ಆರ್ಡರ್ ಕೂಗಿ ಕೂಗಿ ಗುರುವಪ್ಪನ ಗಂಟಲು ಅದೆಂಥ ಗಂಟಲಾಗಿತ್ತೆಂದರೆ, ಅವನು ಮೆಲ್ಲಗೆ ಮಾತಾಡಿದರೂ ಎದುರಿನ ಬಿಲ್ಡಿಂಗಿನವರು ಕಿಟಕಿಗೆ ಬರಬೇಕು. ಕೆಲಸದಿಂದ ಬಿಡುವಾದ ಮೇಲೆ ಆ ಗಂಟಲಿಗೂ ಕಾಲಿಗೂ ಕೆಲಸವಿಲ್ಲದಂತಾಯಿತು. ಅದಕ್ಕೇ ಗುಡ್ಡ ಹತ್ತುವ ಹುಚ್ಚು ಹಿಡಿಸಿಕೊಂಡ. ಭಾನುವಾರ ಬೆಳಗ್ಗೆ ಐದೂವರೆಗೆ, ನಾಯಿಯನ್ನು ಹತ್ತಿಸಿಕೊಳ್ಳುವ ಒಬ್ಬನೇ ಒಬ್ಬ ರಿಕ್ಷಾದವನನ್ನು ಹಿಡಿದು, ನೇವಾಳಿ ನಾಕಾ ದಾಟಿ ಮಲಂಗಗಡದ ಕಡೆಗೆ ಹೊರಟುಬಿಡುತ್ತಿದ್ದ. ಜಾತ್ರೆಯ ಜನ ಹತ್ತುವ ಮೆಟ್ಟಿಲ ದಾರಿಯಲ್ಲ. ಅದರ ಹಿಂಬದಿ, ದನ ಕಾಯುವವರು ಮಾಡಿಟ್ಟ ಕಾಲುದಾರಿ.

ಕಾಡಪ್ಪ ಅದೇ ಬಿಲ್ಡಿಂಗಿನ ನಾಲ್ಕನೆಯ ಮಹಡಿಯವರು, ಗೋಕಾಕದ ಕಡೆಯವರು. ಶಹಾಡಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಂಡು ನಿವೃತ್ತರಾಗಿದ್ದರು. ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಗಾರ್ಡನ್ನಿನಲ್ಲಿ ದಿನಾ ಹತ್ತು ಸುತ್ತು ಹಾಕುತ್ತಿದ್ದರು.

"ಎಂತ ಮಾರಾಯ್ರೆ, ಗಾಣದೆತ್ತಿನ ಹಾಗೆ ಅಲ್ಲೇ ಅಲ್ಲೇ ಸುತ್ತುದು? ನನ್ನೊಟ್ಟಿಗೆ ಗುಡ್ಡೆಗೆ ಬನ್ನಿ," ಎಂದು ಎಳೆದುಕೊಂಡು ಹೋದವನು ಗುರುವಪ್ಪನೇ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಅವನು ದಿನಕ್ಕೆ ನೂರು ಸಲ ಇದನ್ನೇ ನೆನೆಯುತ್ತಿದ್ದ.

ಮೇ ತಿಂಗಳಲ್ಲಿ ಆ ಗುಡ್ಡವನ್ನು ನೋಡಬೇಕು. ಒಂದು ಹಸಿರು ಎಲೆ ಕಾಣದು, ಹುಲ್ಲೆಲ್ಲ ಸುಟ್ಟು ಕಪ್ಪಾಗಿ ಮಣ್ಣು ಕಾದ ಹಂಚಿನ ಹಾಗಿರುತ್ತದೆ. ಎಂಟು ಗಂಟೆಯಾಗುವ ಹೊತ್ತಿಗೆ ದೂಮನ ನಾಲಗೆ ಗೇಣುದ್ದ ಹೊರಗೆ ಬರುತ್ತಿತ್ತು. ಗುರುವಪ್ಪ ತನಗೆಂದು ಒಂದು ಬಾಟಲಿ, ನಾಯಿಗೆಂದು ಎರಡು ಬಾಟಲಿ ನೀರು ಹೊರುತ್ತಿದ್ದ. ತೆಂಗಿನ ಗೆರಟೆಯಲ್ಲಿ ಸುರಿದು ಕುಡಿಸಿ, ಉಳಿದದ್ದನ್ನು ಅದರ ಪಾದಕ್ಕೆ ಹನಿಸುತ್ತಿದ್ದ. ಮನೆಗೆ ಬಂದ ಮೇಲೆ ದಮಯಂತಿ ಬೈಯುತ್ತಾ ಬೈಯುತ್ತಾ ಆ ಪಾದಗಳಿಗೆ ಎಣ್ಣೆ ಹಚ್ಚುತ್ತಿದ್ದಳು.

ಕಾಡಪ್ಪನವರಿಗೂ ನಾಯಿಯ ಮೇಲೆ ಪ್ರೀತಿ ಬಂತು. "ಬಾರಲೇ ದೂಮ್ಯಾ" ಎಂದು ಕರೆದರೆ ಅದು ಸುಮ್ಮನೆ ಅವರ ಮುಖ ನೋಡುತ್ತಿತ್ತು.

"ಇದಕ್ಕ ಕನ್ನಡಾನ ಬರೂದಿಲ್ಲಲ್ರೀ ಗುರುವಪ್ಪಾರ!"

"ಬಲ ಅನ್ನಿ, ಬರ್ತದೆ."

"ಬಲಾ ಅಂದ್ರ ನಮಗ ಬಲಗೈ, ನಿಮಗ ಬಾ ಅಂತ. ಛಲೋ ಆತು, ಒಂದ ಬಿಲ್ಡಿಂಗಿನ್ಯಾಗ ಇದ್ದು ನಿಮ್ಮ ನಾಯಿ ಕೂಡ ಮಾತಾಡಾಕ ನಾ ಇನ್ನೊಂದು ಸಾಲಿಗೆ ಹೋಗಬೇಕು," ಎಂದು ಕಾಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಜುಲೈ ತಿಂಗಳ ಎರಡನೆಯ ಭಾನುವಾರ ಮಳೆ ಬಿಟ್ಟು ಎರಡು ದಿನವಾಗಿತ್ತು. ಹೋಗುವಾಗ ಬಿಸಿಲಿತ್ತು. ಮೇಲೆ ಕೂತು ದಮಯಂತಿ ಕಟ್ಟಿಕೊಟ್ಟ ನೀರುದೋಸೆ ತಿಂದು ಏಳುವಷ್ಟರಲ್ಲಿ ಎಲ್ಲಿತ್ತೋ ಏನೋ, ಮಂಜು ಬಂದು ಗುಡ್ಡವನ್ನು ಮುಚ್ಚಿತು. ಜೊತೆಗೆ ಜಡಿಮಳೆ. ಕಾಡಪ್ಪನವರ ಕನ್ನಡಕಕ್ಕೆ ಹಬೆ ಹಿಡಿದು ಏನೂ ಕಾಣದಾಯಿತು. ಒರೆಸಿ ಒರೆಸಿ ಸಾಕಾಗಿ ಅದನ್ನು ಜೇಬಿಗೆ ಹಾಕಿಕೊಂಡರು. ದಾರಿಯೋ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಎಡಕ್ಕೆ ಬಂಡೆ, ಬಲಕ್ಕೆ ಎದೆಯೆತ್ತರ ಬೆಳೆದ ಕಾರವಿ ಗಿಡ. ಗಿಡದ ಆಚೆ ಏನೂ ಇಲ್ಲ.

ಗುರುವಪ್ಪ ಮುಂದೆ ಇಳಿಯುತ್ತಾ, ಲಾರಿಯನ್ನು ಹಿಂದಕ್ಕೆ ತೆಗೆಸುವ ಕ್ಲೀನರಿನ ಹಾಗೆ ಕೂಗಿ ಕೂಗಿ ಹೇಳುತ್ತಿದ್ದ. "ಎಡ, ಎಡ... ಹಾಂ, ಈಗ ಸ್ವಲ್ಪ ಬಲ... ಕಲ್ಲುಂಟು, ಎಡ..." ಹತ್ತು ಹೆಜ್ಜೆ ಹಿಂದಿನಿಂದ ಕಾಡಪ್ಪ "ಹೂಂ... ಹೂಂ..." ಎನ್ನುತ್ತಾ ಹೇಳಿದಂತೆ ಕಾಲಿಡುತ್ತಿದ್ದರು. ಕೈ ಹಿಡಿಯುತ್ತೇನೆ ಎಂದರೆ "ನಾ ಏನ ಮುದುಕ ಏನ್ರೀ" ಎಂದು ಗದರಿದ್ದರು. ಹೀಗೆ ಕಾಲು ಗಂಟೆ ಇಳಿದಿರಬೇಕು.

ಆಗ ಕೆಳಗೆಲ್ಲೋ ಎಮ್ಮೆ ಕೂಗಿತು. ದೂಮ ಕಿವಿ ನಿಮಿರಿಸಿ ಮಂಜಿನೊಳಕ್ಕೆ ಓಡಿತು. ಬಿದ್ದೀತು ಎಂದು ಗುರುವಪ್ಪ ಹೆದರಿದ. ಮೂವತ್ತೆರಡು ವರ್ಷದ ಗಂಟಲನ್ನೆಲ್ಲ ಸೇರಿಸಿ ಕೂಗಿದ.

"ಬಲ! ಬಲ! ಬಲ!"

ನಾಯಿ ಬಂತು. ಹಿಂದೆ ಗಿಡ ಮುರಿದ ಸದ್ದಾಯಿತು, ಒಂದು ಕಲ್ಲು ಉರುಳಿತು. "ಯವ್ವಾ" ಎಂದದ್ದು ಕೇಳಿಸಿತು, ಅಷ್ಟೇ.

ಗುರುವಪ್ಪ ತಿರುಗಿ ನೋಡಿದರೆ ದಾರಿಯಲ್ಲಿ ಯಾರೂ ಇಲ್ಲ.

ದೂಮ ಅವನಿಗಿಂತ ಮೊದಲು ಇಳಿಯಿತು. ಮೂವತ್ತು ಅಡಿ ಕೆಳಗೆ ಕಾಡಪ್ಪ ಬಿದ್ದಿದ್ದಲ್ಲಿಗೆ ಹೋಗಿ ಬೊಗಳತೊಡಗಿತು. ಗುರುವಪ್ಪ ಕೆಳಗಿನ ಪಾಡಾಕ್ಕೆ, ದನ ಕಾಯುವವರ ಹಟ್ಟಿಗೆ, ಓಡಿ ನಾಲ್ಕು ಜನರನ್ನು ಕರೆತಂದಾಗಲೂ ಬೊಗಳುತ್ತಲೇ ಇತ್ತು. ಆ ಮಂಜಿನಲ್ಲಿ ಅವರು ಜಾಗ ಹಿಡಿದದ್ದೇ ಅದರ ದನಿಯಿಂದ. ಬಿದಿರಿಗೆ ಚಾದರ ಕಟ್ಟಿ ಜೋಳಿ ಮಾಡಿ ಕಾಡಪ್ಪನವರನ್ನು ಹೊತ್ತು ಇಳಿಸಿದರು. ದೂಮ ಜೋಳಿಯ ಕೆಳಗೇ ನಡೆದು ಬಂತು.

ಕಲ್ಯಾಣದ ಆಸ್ಪತ್ರೆಗೆ ಕಾಡಪ್ಪನವರ ಹೆಂಡತಿ ಗಿರಿಜವ್ವ ಬಂದವರೇ ಒಳಗೆ ಹೋದರು. ಮಗ ಸ್ವಪ್ನಿಲ್ ಖಾರಘರದಿಂದ ಬರುವಷ್ಟರಲ್ಲಿ ಸಂಜೆಯಾಗಿತ್ತು. ಹುಡುಗನ ಮುಖ ಸುಣ್ಣದ ಹಾಗಾಗಿತ್ತು. ಕಾರಿಡಾರಿನಲ್ಲಿ ಗುರುವಪ್ಪನ ತೋಳು ಹಿಡಿದು, "ಕಾಕಾ, ಕಸೇ ಪಡ್ಲೇ ಬಾಬಾ?" ಎಂದ. ಅಪ್ಪ ಹೇಗೆ ಬಿದ್ದರು?

ಇದ್ದದ್ದನ್ನು ಇದ್ದ ಹಾಗೆ ಹೇಳಲು ಎಷ್ಟು ಹೊತ್ತು ಬೇಕಿತ್ತು? ನಾಯಿಯನ್ನು ಕರೆದೆ, ಅವರು ಬಲಕ್ಕೆ ಎಂದು ತಿಳಿದರು. ಎರಡು ಮಾತು. ಆದರೆ ಆ ಎರಡು ಮಾತನ್ನು ಬಾಯೊಳಗೆ ಆಡಿಸಿ ನೋಡಿದಾಗ ಗುರುವಪ್ಪನಿಗೆ ತಾನೇ ತಳ್ಳಿದ ಹಾಗೆ ಕೇಳಿಸಿತು. ಹೆದರಿದ. ಬಾಯಿಗೆ ಬಂದದ್ದು ಬೇರೆಯೇ.

"ನಾಯಿ ಕಾಲಿಗೆ ಅಡ್ಡ ಬಂತು ಮಗಾ. ಕುತ್ತಾ ಬೀಚ್ ಮೇ ಆಯಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೊಲೀಸರು ಬರೆದುಕೊಂಡದ್ದೂ ಅದನ್ನೇ. ಗುರುವಪ್ಪ ಅದರ ಕೆಳಗೆ ಸಹಿ ಹಾಕಿದ.

ಆರನೆಯ ದಿನ ಕಾಡಪ್ಪ ತೀರಿಕೊಂಡರು. ದೇಹವನ್ನು ಊರಿಗೆ ಒಯ್ದರು. ಗಿರಿಜವ್ವ ಅಲ್ಲಿಯೇ ಉಳಿದರು. ಬಿಲ್ಡಿಂಗಿನಲ್ಲಿ ಗುಸುಗುಸು ಶುರುವಾಯಿತು. ಮನುಷ್ಯನನ್ನು ಕೊಂದ ನಾಯಿ, ಅಪಶಕುನ, ಮಕ್ಕಳು ಆಡುವ ಜಾಗ. ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಇಲ್ಲಿ ಕೊತ್ತಿಯನ್ನು ತೋರಿಸಿಕೊಟ್ಟವನೇ ಮನೆಯ ಯಜಮಾನ. ಸೊಸೈಟಿಯ ಸೆಕ್ರೆಟರಿ ಬಂದು ನಾಯಿಯನ್ನು ಎಲ್ಲಿಗಾದರೂ ಕಳಿಸಿಬಿಡಿ ಎಂದು ಮೆತ್ತಗೆ ಹೇಳಿದಾಗ, ಅಲ್ಲಾ ಸ್ವಾಮಿ, ಈ ಪ್ರಾಣಿ ಏನೂ ಮಾಡಿಲ್ಲ ಎಂದು ಅನ್ನಬಹುದಿತ್ತು. ಅನ್ನಲಿಲ್ಲ. ಅಂದರೆ ಮುಂದಿನ ಪ್ರಶ್ನೆ ಬರುತ್ತಿತ್ತಲ್ಲ, ಮತ್ತೆ ಯಾರು ಮಾಡಿದ್ದು ಎಂದು?

ಉಲ್ಹಾಸನಗರದಲ್ಲಿ ಫರ್ನಿಚರ್ ಕಾರ್ಖಾನೆಯೊಂದರ ವಾಚ್‌ಮನ್ ಮಾಪಣ್ಣ, ಹೋಟೆಲಿನ ಕಾಲದ ಪರಿಚಯದವನು. ಕಾವಲಿಗೆ ನಾಯಿ ಬೇಕಿತ್ತು ಎಂದ. ದೂಮನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೊರಟಾಗ ಅದು ಗುಡ್ಡಕ್ಕೆ ಎಂದು ತಿಳಿದು ಬಾಲ ಆಡಿಸಿತು. ದಮಯಂತಿ ಬಾಗಿಲಿಗೆ ಬರಲಿಲ್ಲ. ಕಾರ್ಖಾನೆಯ ಕಂಬಕ್ಕೆ ಸರಪಳಿ ಹಾಕಿ, 'ಉಂತು' ಎಂದು ಹೇಳಿ ಗುರುವಪ್ಪ ಬೆನ್ನು ತಿರುಗಿಸಿದ. ಅದು ನಿಂತಿತು. ಬೊಗಳಲೂ ಇಲ್ಲ.

"ನಿನ್ ನಾಯಿ ಯಾರ್ ಮಾತೂ ಕೇಳಲ್ಲಪ್ಪ," ಎಂದು ಮಾಪಣ್ಣ ಫೋನಿನಲ್ಲಿ ದೂರುತ್ತಿದ್ದ. "ಹಿಂದಿಲಿ ಹೇಳ್ದೆ, ಮರಾಠಿಲಿ ಹೇಳ್ದೆ. ಕಿವುಡಾ ಏನು?" ಹೇಗೆ ಮಾತಾಡಬೇಕು ಎಂದು ಗುರುವಪ್ಪ ಹೇಳಿಕೊಡಲಿಲ್ಲ. 'ಬಲ' ಎಂಬ ಶಬ್ದವನ್ನು ಅವನು ಆಮೇಲೆ ಬಾಯಿಗೆ ತಂದಿರಲಿಲ್ಲ. ಹದಿನೆಂಟನೆಯ ದಿನ ಮಾಪಣ್ಣನ ಫೋನು ಮತ್ತೆ ಬಂತು. ಬೆಳಗ್ಗೆ ಸರಪಳಿ ಬಿಚ್ಚಿದಾಗ ತಪ್ಪಿಸಿಕೊಂಡು ಕಲ್ಯಾಣದ ರಸ್ತೆ ಹಿಡಿದಿತ್ತಂತೆ. ಟೆಂಪೋಗೆ ಸಿಕ್ಕಿ ಅಲ್ಲೇ ಸತ್ತಿತು. "ಎಷ್ಟ್ ಕರೆದೆ ಗೊತ್ತಾ, ತಿರುಗಿ ಕೂಡ ನೋಡ್ಲಿಲ್ಲ."

ಗುರುವಪ್ಪ ಯಾರಿಗೂ ಹೇಳಲಿಲ್ಲ. ದೂಮ ಹೇಗಿದ್ದಾನೆ ಎಂದು ದಮಯಂತಿ ದಿನಾ ಕೇಳುತ್ತಿದ್ದಳು. ಹುಷಾರಿದ್ದಾನಂತೆ ಎಂದು ಅವನು ಪೇಪರಿನಿಂದ ಮುಖ ಎತ್ತದೆ ಹೇಳುತ್ತಿದ್ದ. ರಾತ್ರಿ ಪಾತ್ರೆ ತೊಳೆಯುವಾಗ ಅವಳು ಮರೆತು ಒಂದು ಮುಷ್ಟಿ ಅನ್ನ ಉಳಿಸುತ್ತಿದ್ದಳು, ಆಮೇಲೆ ನೆನಪಾಗಿ ಅಳುತ್ತಿದ್ದಳು.

ಗಿರಿಜವ್ವ ಊರಿನಿಂದ ಬಂದ ಮರುದಿನವೇ ಹೇಳಿಕಳಿಸಿದರು. ಗುರುವಪ್ಪ ನಾಲ್ಕನೆಯ ಮಹಡಿಗೆ ಹತ್ತಿದ.

"ಕುಂದರ್ರಿ ಅಣ್ಣಾರ," ಎಂದರು ಗಿರಿಜವ್ವ. ಹಣೆ ಬೋಳಾಗಿತ್ತು. ಒಲೆಯ ಮೇಲೆ ಹಂಚಿತ್ತು, ಜೋಳದ ರೊಟ್ಟಿಯ ವಾಸನೆ ಮನೆಯೆಲ್ಲ ತುಂಬಿತ್ತು. "ಸ್ವಪ್ನಿಲ್ ಊರಾಗ ನನಗ ಹೇಳಿದ, ನಾಯಿ ಅಡ್ಡ ಬಂತಂತ. ನೀವಾ ಹೇಳಿದ್ರಂತ. ಅದನ್ನ ಎಲ್ಲೋ ಬಿಟ್ಟ ಬಂದೀರಿ ಅಂತ ಬಿಲ್ಡಿಂಗಿನವರು ಅಂದ್ರು."

ಗುರುವಪ್ಪ ಹೌದೆಂದು ತಲೆಯಾಡಿಸಿದ.

"ಎರಡನೇ ದಿನ ಅವರಿಗೆ ಛಲೋ ಎಚ್ಚರಾಗಿತ್ರಿ. ನನಗ ಎಲ್ಲಾ ಹೇಳ್ಯಾರ. ಗುರುವಪ್ಪಾರು ನಾಯಿ ಕರದ್ರು, ಅದು ನಾಯಿಗೆ ಅಂದದ್ದು ಅಂತ ನನಗ ಗೊತ್ತಿತ್ತು ಗಿರಿಜಾ, ಆದ್ರ ಕಾಲ ಕೇಳಲಿಲ್ಲ, ಬಲಕ್ಕ ಹೋಗೇ ಬಿಡ್ತು ಅಂದ್ರು. ಹೇಳಿ ನಕ್ಕರು ಸುದ್ದಾ." ಗಿರಿಜವ್ವ ಸೆರಗಿನಿಂದ ಮೂಗು ಒರೆಸಿಕೊಂಡರು. "ಮತ್ತೇನಂದ್ರು ಗೊತ್ತೈತೇನ್ರಿ? ಅಂವಾ ಭಾಳ ಮನಸ್ಸಿಗೆ ಹಚ್ಕೊಳ್ಳೋ ಮನಶ್ಯಾ, ನಿಮ್ಮ ತಪ್ಪಿಲ್ಲ ಅಂತ ಅವಗ ಹೇಳು ಅಂದ್ರು. ಹೆಣದ ಗದ್ದಲದಾಗ ನನಗ ಹೇಳಾಕ ಆಗಲಿಲ್ಲ. ಈಗ ಹೇಳೇನಿ ನೋಡ್ರಿ."

ಗುರುವಪ್ಪನಿಗೆ ಕೂಗಿ ಅಳಬೇಕೆನಿಸಿತು.

"ನಿಮಗ ಯಾರೂ ಏನೂ ಅಂತಿರಲಿಲ್ಲಲ್ರೀ ಅಣ್ಣಾರ," ಎಂದರು ಗಿರಿಜವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಸಿಟ್ಟಿಗಿಂತ ಕೆಟ್ಟದಾಗಿತ್ತು. "ಆ ಮೂಕಪ್ರಾಣಿ ಮ್ಯಾಲ ಯಾಕ ಹಾಕಿದ್ರಿ? ಅಲ್ಲಿ ಬಿದ್ದಾಗ ಅದು ಅವರ ಮಾರಿ ನೆಕ್ಕಿ ನೆಕ್ಕಿ ಎಚ್ಚರ ಇಟ್ಟಿತ್ತಂತ. ಅದು ಇರಲಿಲ್ಲಂದ್ರ ನಾ ಆ ಆರು ದಿನಾನೂ ಅವರ ಮಾರಿ ನೋಡ್ತಿರಲಿಲ್ಲ. ಬಿಲ್ಡಿಂಗಿನವರಿಗೆಲ್ಲಾ ನಾ ಹೇಳ್ತೀನಿ, ಸ್ವಪ್ನಿಲ್‌ಗೂ ಹೇಳೇನಿ. ನಾಳೆ ಹೋಗಿ ಅದನ್ನ ಕರ್ಕೊಂಡು ಬರ್ರಿ."

ಎದ್ದು ಹೋಗಿ ಎರಡು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಪೇಪರಿನಲ್ಲಿ ಸುತ್ತಿ ತಂದು ಅವನ ಕೈಯಲ್ಲಿಟ್ಟರು. "ಇದು ದೂಮ್ಯಾಗ. ಇವತ್ತ ಸಂಜೀಕೇ ಹೋದ್ರ ಇನ್ನೂ ಛಲೋ. ಎಲ್ಲೈತ್ರಿ ಅದು? ಆರಾಮ ಐತಲ್ಲ?"

ಮಾರಾಯ, ಈಗಲಾದರೂ ಹೇಳಬಾರದೇ? ಎದುರಿಗೆ ಕೂತವರು ಗಂಡನನ್ನು ಕಳೆದುಕೊಂಡೂ ಕ್ಷಮಿಸಿ ಆಗಿದೆ. ಹೇಳಿದರೆ ಇಬ್ಬರೂ ಕೂತು ಅಳಬಹುದಿತ್ತು. ಗುರುವಪ್ಪ ಬಾಯಿ ತೆರೆದ. ಹೇಳುತ್ತೇನೆ ಎಂದೇ ತೆರೆದ.

"ಆರಾಮ ಉಂಟು ಅಕ್ಕ," ಎಂದ. "ನಾಳೆ ಕರ್ಕೊಂಡು ಬರ್ತೇನೆ."

ಈ ಸಲ ನಾಲಗೆ ತಡವರಿಸಲೂ ಇಲ್ಲ. ಗಿರಿಜವ್ವನ ಮುಖದಲ್ಲಿ ತಿಂಗಳ ಮೇಲೆ ಮೊದಲ ಬಾರಿಗೆ ಒಂದು ಗೆಲುವು ಕಂಡಿತು. ಅದನ್ನು ನೋಡಲಾಗದೆ ಅವನು ಎದ್ದು ಹೊರಗೆ ಬಂದ.

ಮೂರನೆಯ ಮಹಡಿಯ ತಿರುವಿನಲ್ಲಿ ಅವನು ನಿಂತ. ರೊಟ್ಟಿ ಹಿಡಿದು ಮನೆಗೆ ಹೋದರೆ ದಮಯಂತಿ ಇದು ಯಾರಿಗೆ ಎಂದು ಕೇಳುತ್ತಾಳೆ. ಕೆಳಗೆ ಎಸೆದರೆ ಗಿರಿಜವ್ವ ಕಿಟಕಿಯಿಂದ ನೋಡುತ್ತಾರೆ. ಅವನು ಮೆಟ್ಟಿಲಿನ ಮೇಲೆ ಕೂತು ಪೇಪರು ಬಿಚ್ಚಿದ. ಬೆಣ್ಣೆ ಕರಗಿ ಕೈಗೆಲ್ಲ ಹತ್ತಿತು. ಮೇಲೆ ಬಾಗಿಲು ತೆಗೆದ ಸದ್ದು ಕೇಳಿ ಅವಸರ ಅವಸರವಾಗಿ ಮುರಿದು ಬಾಯಿಗೆ ತುರುಕಿಕೊಂಡ. ನಾಯಿಗೆಂದು ಕೊಟ್ಟ ಎರಡೂ ರೊಟ್ಟಿಗಳನ್ನು ಗುರುವಪ್ಪ ಅಲ್ಲಿಯೇ ಕೂತು, ಅಳುತ್ತಾ, ಒಂದು ಚೂರೂ ಬಿಡದೆ ತಿಂದ.