ಮೂವತ್ತೊಂಬತ್ತು ದಿನ ಮುಚ್ಚಿದ ಬಾಯಿ

ಎಪ್ಪತ್ತೆಂಟರ ಬೇಸಿಗೆ. ಹುಲಿಕುಂಟೆಯ ಓಬಳಪ್ಪ ಕುರಿಮಂದೆ ಬಿಟ್ಟು, ಬಾಯಿ ಮುಚ್ಚಿ, ಮಠ ಸೇರಿ ಮೂವತ್ತೊಂಬತ್ತು ದಿನ ಆಗಿತ್ತು. ಊರಿಂದ ಎರಡು ಮೈಲಿ ಆಚೆ ಬಂಡೆ ಪಕ್ಕ ಬಂದು ಕೂತಿದ್ದ ಮೌನಾನಂದ ಸ್ವಾಮಿಗಳ ಕಟ್ಟಳೆ ಅದು. ನಲವತ್ತೊಂದು ದಿನ ತುಟಿ ಪಿಟಕ್ಕೆನ್ನದಿದ್ದವನಿಗೆ ದೀಕ್ಷೆ. ದೀಕ್ಷೆಯಾದವನು ಆಮೇಲೆ ಹೆಂಡತಿ ಮಕ್ಕಳ ಮುಖ ನೋಡುವಂತಿಲ್ಲ. ನಡುವೆ ಒಂದು ಮಾತು ಉದುರಿದರೂ ಗಂಟುಮೂಟೆ ಕಟ್ಟಬೇಕು. ಮಾತೇ ಮೈಲಿಗೆ ಅಂತ ಸ್ವಾಮಿಗಳು ದಿನಾ ಎರಡು ಗಂಟೆ ಬ್ಯಾಟರಿ ಮೈಕಿನಲ್ಲಿ ಮಾತಾಡುತ್ತಿದ್ದರು.

"ಅವ್ರ ಬಾಯಿಗೆ ಮಾತ್ರ ಮೈಲಿಗೆ ತಟ್ಟಲ್ವಾ?" ಅಂದಳು ಹದಿನೈದರ ಮಗಳು ಪುಟ್ಟಕ್ಕ.

"ಸುಮ್ಕಿರಮ್ಮಿ, ಶಾಪ ಕೊಟ್ಟಾರು!" ತಾಯಿ ಕ್ಯಾತಮ್ಮ ಸೆರಗಲ್ಲಿ ಮೂಗೊರೆಸಿದಳು. "ನಾಡಿದ್ದು ಕಳದ್ರೆ ನಿಮ್ಮಪ್ಪ ನಮಗಿಲ್ಲ ಕಣಮ್ಮಿ."

ಪುಟ್ಟಕ್ಕನಿಗೆ ಒಂದು ಕಸುಬು ಚೆನ್ನಾಗಿ ಒಲಿದಿತ್ತು, ಕೊರಳ ಕಳ್ಳತನ. ಶಾನುಭೋಗರ ಕೆಮ್ಮು, ಸಿರಾ ಬಸ್ಸಿನ ಕಂಡಕ್ಟರನ "ರೈಟ್ ರೈಟ್", ಸ್ವಾಮಿಗಳ ಮೂಗಿನಿಂದ ಬರುವ "ಭಕ್ತಾದಿಗಳೇ", ಎಲ್ಲವೂ ಅವಳ ಗಂಟಲಲ್ಲಿ ಬಾಡಿಗೆಗಿದ್ದವು. ಅಪ್ಪ ಹೋದ ಮೇಲೆ ಮಂದೆ ಯಾರ ಮಾತಿಗೂ ಮೇಲೇಳದೆ ಕೂತಾಗ ಅವನ ಕೂಗನ್ನೂ ಕದ್ದಳು. "ಹ್ರ್ರೋ… ಬಾ ಬಾ ಬಾ!" ಅಂದರೆ ಸಾಕು, ಅರವತ್ತು ಕುರಿಯೂ ಯಜಮಾನನೇ ಬಂದ ಅಂತ ಓಡಿ ಬರುತ್ತಿದ್ದವು.

ಅವತ್ತು ಬೆಳಿಗ್ಗೆ ಮಂದೆಯನ್ನು ಮಠದ ಬೇಲಿಯಾಚೆ ಬಿಟ್ಟು, ತಾನು ಒಳಗೆ ನುಸುಳಿ, ಅಗಸೆ ಮರಗಳ ಹಿಂದೆ ಅವಿತು, ಅಪ್ಪನ ಕೊರಳಲ್ಲಿ ಕೂಗಿದಳು. ಬೇಲಿ ಮುರಿದುಕೊಂಡು ಮಂದೆ ಒಳನುಗ್ಗಿತು.

"ಓಬಳಪ್ಪಾ! ಬಾಯಿ ಬಿಟ್ಟೆಯಾ?" ಪೀಠದ ಮೇಲಿಂದ ಗುಡುಗಿದರು ಸ್ವಾಮಿಗಳು.

ಮುಂದಿನ ಸಾಲಲ್ಲಿದ್ದ ಓಬಳಪ್ಪ ತಲೆ ಕಳಚಿ ಬೀಳುವಷ್ಟು ಅಲ್ಲಾಡಿಸಿದ. ಇಲ್ಲ ಅನ್ನಲು ಬಾಯಿ ಬಿಡಬೇಕು, ಬಾಯಿ ಬಿಟ್ಟರೆ ಹೌದು ಅಂದಂತೆ! ಪುಟ್ಟಕ್ಕ ನಗು ನುಂಗಿಕೊಂಡು, ಇರಲಿ ಅಂತ ಇನ್ನೊಂದು ಸಲ ಕೂಗಿದಳು. ಅಲ್ಲೇ ಎಡವಟ್ಟಾಯಿತು. ಈ ಸಲ ಎಲ್ಲರ ಕಣ್ಣೂ ಅಪ್ಪನ ತುಟಿ ಮೇಲಿತ್ತು. ತುಟಿ ಅಲುಗಿರಲೇ ಇಲ್ಲ.

"ತುಟಿಯಿಲ್ಲದೆ ನಾದ! ಸಿದ್ಧಿಯಾಯ್ತು!" ಸ್ವಾಮಿಗಳು ಎದ್ದೇ ನಿಂತರು. "ಭಕ್ತಾದಿಗಳೇ, ನಾಡಿದ್ದು ಯಾಕೆ, ಈಗಲೇ ದೀಕ್ಷೆ!"

ಪುಟ್ಟಕ್ಕ "ಕೂಗಿದ್ದು ನಾನು ಕಣ್ರೀ!" ಅಂತ ಹೊರಗೆ ಓಡಿ ಬಂದಳು. ಕುರಿಗಳ ಗದ್ದಲದಲ್ಲಿ ಅವಳ ಸ್ವಂತ ದನಿ ಯಾರಿಗೂ ಬೇಕಾಗಲಿಲ್ಲ. ಓಬಳಪ್ಪ ತನ್ನ ಮಹಿಮೆಗೆ ತಾನೇ ಬೆರಗಾಗಿ ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಯಾರೋ ವಿಭೂತಿ ತಟ್ಟೆ ತಂದರು.

ಅಷ್ಟರಲ್ಲಿ ಕರಿಮೂತಿಯ ಗಬ್ಬದ ಕುರಿಯೊಂದು ಪೀಠ ಹತ್ತಿ, ದೀಕ್ಷೆಗೆ ತಂದ ಹಾರವನ್ನೇ ಮೇಯತೊಡಗಿತು. ಸ್ವಾಮಿಗಳು ದಂಡ ಎತ್ತಿ ಅದರ ಹೊಟ್ಟೆಗೇ ಬಾರಿಸಿದರು.

"ಲೇ! ಗಬ್ಬದ ಕುರಿಗೆ ಹೊಡೀತೀಯೇನ್ಲಾ, ನಿನ್ ಕೈ ಸೇದೋಗ!"

ಈ ಸಲ ಅಪ್ಪನ ತುಟಿ ಅಲುಗಿತ್ತು. ಮೈಕೂ ಪಕ್ಕದಲ್ಲೇ ಇತ್ತು.

ಸ್ವಾಮಿಗಳು ದಾರಿ ತೋರಿಸುವ ಮೊದಲೇ ಓಬಳಪ್ಪ ಕುರಿಯ ಹೊಟ್ಟೆ ಸವರಿ, ಒಳಗೆ ಮರಿ ಮಿಸುಕಿದ್ದು ಕೈಗೆ ಸಿಕ್ಕ ಮೇಲೆ, ಅದನ್ನು ಹೆಗಲಿಗೇರಿಸಿ ಹೊರಟಿದ್ದ. ಕೂಗಿದ್ದು ಮಗಳೇ ಅಂತ ತಿಳಿದ ಮೇಲಂತೂ ದಾರಿಯುದ್ದಕ್ಕೂ ಬಾಯಿ ನಿಲ್ಲಲಿಲ್ಲ.

"ಗಬ್ಬದ್ದನ್ನ ಬೇಲಿ ನುಗ್ಸಿದ್ಯಲ್ಲಮ್ಮಿ, ತಲೇಲಿ ಏನೈತೆ ನಿಂಗೆ? ಕಾಲೆಲ್ಲಾ ತರಚೈತೆ ನೋಡು! ಅಲ್ಲಾ, ನಾನೇನು ಅಂಗ್ ಕೂಗ್ತೀನಾ? ಗಂಟ್ಲು ಕಟ್ಟಿದ ಕ್ವಾಣ ಕೂಗ್ದಂಗೆ…"

"ಬಯ್ಯಪ್ಪಾ, ಇನ್ನೂ ಬಯ್ಯಿ," ಅಂದಳು ಪುಟ್ಟಕ್ಕ, ಅವನ ಹಿಂದೆ ಹಿಂದೆಯೇ ನಡೆಯುತ್ತಾ. "ಮನೆ ಇನ್ನಾ ದೂರ ಐತೆ."