ಬಿಡ್ಡಿಯ ಇನ್ಸುಲಿನ್

"ನಿನಗೆ ನಾಲಿಗೆ ಮೇಲೆ ಹಿಡಿತ ಇಲ್ಲ. ನೋಡು, ರಕ್ತದ ಸಕ್ಕರೆ ಅಳೆಯೋ ಯಂತ್ರಾನೇ ಅಂಕಿ ತೋರಿಸಲಾರದೆ ಕೈಚೆಲ್ಲಿದೆ!"

ಮರುಭೂಮಿಯ ನಡುವಿನ ಈ ಮೂಲನಿವಾಸಿಗಳ ಊರಿಗೆ ಪಟ್ಟಣದಿಂದ ತಿಂಗಳಿಗೊಮ್ಮೆ ಬರುವ ಬಿಳಿಯ ಆಹಾರತಜ್ಞೆ ಹಾರ್ಟ್‌ಲಿ ಯಂತ್ರವನ್ನು ಬಿಡ್ಡಿಯ ಮೂಗಿಗೇ ಹಿಡಿದಳು. ಬಿಡ್ಡಿ ತನ್ನ ಎಡಗಾಲನ್ನೇ ನೋಡುತ್ತಿದ್ದಳು. ಅದರ ಎರಡು ಬೆರಳುಗಳನ್ನು ಹೋದ ವರ್ಷ ಕತ್ತರಿಸಿದ್ದರು. ಅವಳ ಹಿಂದೆ ಆಸ್ಪತ್ರೆಯ ನೀಲಿ ಅಂಗಿ ತೊಟ್ಟು ನಿಂತಿದ್ದವಳು ತಂಗಿಯ ಮಗಳು ಲೊರೆಟ್ಟಾ. ಬಿಳಿಯರ ಮಾತನ್ನು ತನ್ನವರಿಗೆ ದಾಟಿಸುವುದು ಅವಳ ಕೆಲಸ.

"ಹೇಳು ಅವಳಿಗೆ, ಇನ್ಸುಲಿನ್ ಚುಚ್ಚಿಕೊಳ್ಳದೆ ಸುಳ್ಳು ಹೇಳ್ತಿದ್ದಾಳೆ ಅಂತ."

ಲೊರೆಟ್ಟಾ ಮಾತನ್ನು ಮೆತ್ತಗೆ ಮಾಡಲು ಪದ ಹುಡುಕಿದಳು.

"ಯಾಕ್ ಮಗಾ ಒದ್ದಾಡ್ತೀಯ?" ಬಿಡ್ಡಿ ನಕ್ಕಳು. "ಬೈಗುಳದ ಇಂಗ್ಲಿಷು ನಂಗೆ ಹುಟ್ಟಿದಾಗ್ಲಿಂದ ಬತ್ತದೆ. ದಿನಾ ಚುಚ್ಕೊಂಡಿವ್ನಿ ಅನ್ನು."

ಹಾರ್ಟ್‌ಲಿ ಊಟದ ತಟ್ಟೆಯ ಚಿತ್ರವೊಂದನ್ನು ಮೇಜಿನ ಮೇಲಿಟ್ಟಳು. ಹಸಿರು ಸೊಪ್ಪು, ಸಮುದ್ರದ ಮೀನು. "ಇದನ್ನ ತಿನ್ನಬೇಕು. ಸಕ್ಕರೆ ಮುಟ್ಟಬಾರದು."

"ಸಕ್ಕರೆ ರುಚಿ ಹತ್ಸಿದ್ಯಾರು ಕೇಳು. ನಾವು ಉಡ ತಿಂತಿದ್ದೋ, ಕಾಡುಗೆಣಸು ಅಗೀತಿದ್ದೋ. ಇವರಜ್ಜ ಬಂದು ನಮ್ ನೆಲಕ್ಕೆ ಬೇಲಿ ಹಾಕ್ದ. ನಮ್ಮಪ್ಪ ಅವನ ದನ ಕಾದ. ಕೂಲಿ ಅಂತ ಕೊಟ್ಟಿದ್ದೇನು? ಮೈದಾ, ಸಕ್ಕರೆ, ಟೀ ಸೊಪ್ಪು. ಈಗ ನಾಲಿಗೆ ಸರಿಯಿಲ್ಲ ಅಂತಾಳೆ, ಹಾಳಾದೋಳು."

ಲೊರೆಟ್ಟಾ ಕೊನೆಯ ಪದವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದಳು. ಆಮೇಲೆ ಬಿಡ್ಡಿಯ ಚೀಲದಿಂದ ಇನ್ಸುಲಿನ್ ಪೆನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ತಿಳಿಯಾಗಿರಬೇಕಾದ ಔಷಧಿಯಲ್ಲಿ ಬಿಳಿ ಎಳೆಗಳು ತೇಲುತ್ತಿದ್ದವು.

"ಔಷಧಿ ಕೆಟ್ಟಿದೆ ಮೇಡಂ. ಮುಂಗಡ ದುಡ್ಡು ತುಂಬಿಸೋ ಕರೆಂಟ್ ಕಾರ್ಡು ಮುಗಿದ್ರೆ ಮನೆಮನೆಗೂ ಕತ್ತಲೆ, ಫ್ರಿಜ್ಜೂ ನಿಲ್ಲುತ್ತೆ. ಹೊರಗೆ ನಲವತ್ತನಾಲ್ಕು ಡಿಗ್ರಿ ಬಿಸಿಲು. ಎಲ್ಲರ ಇನ್ಸುಲಿನ್ ಇಲ್ಲೇ ಆಸ್ಪತ್ರೆ ಫ್ರಿಜ್ಜಲ್ಲಿ ಇಟ್ಟುಕೊಳ್ಳೋಣ."

"ಕೊಟ್ಟ ಔಷಧೀನ ವಾಪಸ್ ಇಟ್ಕೊಳ್ಳೋ ನಿಯಮ ಇಲ್ಲ. ಅವರ ಫ್ರಿಜ್ಜು, ಅವರ ಜವಾಬ್ದಾರಿ."

ಹಾರ್ಟ್‌ಲಿ ಕಡತದಲ್ಲಿ ಬರೆದಳು: ರೋಗಿ ಸಹಕರಿಸುತ್ತಿಲ್ಲ. ಕೆಳಗೆ ಇನ್ನೊಂದು ಸಾಲು: ಮೂತ್ರಪಿಂಡ ಸೋಲುತ್ತಿದೆ, ಪಟ್ಟಣಕ್ಕೆ ಸಾಗಿಸಲು ಸಿದ್ಧತೆ. ಲೊರೆಟ್ಟಾಳ ತಾಯಿಯನ್ನೂ ಹಾಗೆಯೇ ಸಾಗಿಸಿದ್ದರು. ರಕ್ತ ತೊಳೆಯುವ ಯಂತ್ರದ ಪಕ್ಕದಲ್ಲಿ ಎರಡು ವರ್ಷ ಊರಿನ ದಾರಿ ಕಾದು, ಅವಳು ಹೆಣದ ಪೆಟ್ಟಿಗೆಯಲ್ಲಿ ಮರಳಿದ್ದಳು.

"ಏನ್ ಬರೆದ್ಲು?" ಬಿಡ್ಡಿ ಕೇಳಿದಳು.

ಲೊರೆಟ್ಟಾ ಈ ಸಲ ಒಂದಕ್ಷರವನ್ನೂ ಬಿಡಲಿಲ್ಲ. ಬಿಡ್ಡಿಯ ನಗು ಹಾರಿಹೋಯಿತು. "ನಾನ್ ಹೋಗಕಿಲ್ಲ," ಎಂದಳು, ಬಹಳ ಮೆತ್ತಗೆ.

ಲೊರೆಟ್ಟಾ ಔಷಧಿ ಕೋಣೆಗೆ ಹೋಗಿ, ಸಕ್ಕರೆ ಕಾಯಿಲೆಯ ಹನ್ನೊಂದು ಜನರ ತಿಂಗಳ ಪಾಲನ್ನು ರುಜು ಹಾಕಿ ಪಡೆದಳು. ಒಂದೊಂದು ಪೊಟ್ಟಣದ ಮೇಲೂ ಹೆಸರು ಬರೆದಳು. ಬಿಡ್ಡಿಯ ಕೈಹಿಡಿದು ಕೆಂಪು ಮಣ್ಣಿನ ದಾರಿಗಿಳಿದಳು. ಬಾಗಿಲುಬಾಗಿಲಿಂದ ಹೆಂಗಸರು ಜೊತೆಯಾದರು.

ಊರಿಗಿರುವುದು ಒಂದೇ ಅಂಗಡಿ. ಅಲ್ಲಿ ತರಕಾರಿ ಬಾಡಿ ಬಿದ್ದಿತ್ತು. ಆದರೆ ತಂಪು ಪಾನೀಯದ ಗಾಜಿನ ಕಪಾಟು ಜನರೇಟರಿನ ಬಲದಲ್ಲಿ ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ಲೊರೆಟ್ಟಾ ಅದರ ಬಾಗಿಲು ತೆರೆದು ಬಾಟಲಿಗಳನ್ನು ಒಂದೊಂದಾಗಿ ನೆಲಕ್ಕಿಳಿಸತೊಡಗಿದಳು.

"ಏಯ್! ಏನ್ ಮಾಡ್ತಿದ್ದೀರೇ ಬೋಳಿಮುಂಡೇರಾ?" ಅಂಗಡಿಯ ಮ್ಯಾನೇಜರ್ ಕ್ರೇಗ್ ಗಲ್ಲಾ ಬಿಟ್ಟು ಓಡಿಬಂದ.

"ನಿನ್ ಸೀನೀರು ಬಿಸಿಯಾದ್ರೆ ಯಾರೂ ಸಾಯಕಿಲ್ಲ ಕಣೋ," ಒಬ್ಬಳು ಕೂಗಿದಳು.

ಮೇಲಿನ ಎರಡು ಸಾಲು ಖಾಲಿಯಾದವು. ಅಲ್ಲಿ ಹನ್ನೊಂದು ಪೊಟ್ಟಣಗಳು ಸಾಲಾಗಿ ಕುಳಿತವು.

"ಪೊಲೀಸರನ್ನ ಕರೀತೀನಿ! ಲೊರೆಟ್ಟಾ, ನಿನ್ನ ಕೆಲಸ ಹೋಗುತ್ತೆ!"

ಲೊರೆಟ್ಟಾ ಕಪಾಟಿನ ಬಾಗಿಲನ್ನು ಒತ್ತಿ ಮುಚ್ಚಿದಳು. ಬಿಡ್ಡಿ ಖಾಲಿ ಕ್ರೇಟೊಂದನ್ನು ಮಗುಚಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಗಾಯದ ಕಾಲನ್ನು ಮುಂದಕ್ಕೆ ಚಾಚಿದಳು.

"ಪೊಲೀಸ್ರನ್ನ ಕರಿ," ಎಂದಳು. "ಅವರು ಪಟ್ಟಣದಿಂದ ಬರಕ್ಕೆ ಮೂರು ಗಂಟೆ ಹಿಡೀತದೆ. ಅಲ್ಲೀಗಂಟ ಔಸ್ದಿ ತಣ್ಣಗಿರ್ತದೆ."