ಲಾಸ್ಟ್ ಕ್ರಾಸ್ ಹುಡುಗರೂ ದೀಪದ ಪದವೂ

ತುಳಸಮ್ಮನವರ ತವರಿನಲ್ಲಿ ಒಂದು ಪದವಿತ್ತು. ಮಾಗಡಿ ಸೀಮೆಯ ಆ ಊರಿನ ಹೆಣ್ಣುಮಕ್ಕಳು ಕಾರ್ತಿಕದ ಮೊದಲ ಸಂಜೆ ಹಣತೆ ಹಚ್ಚಿಟ್ಟು, ಅದರ ಮುಂದೆ ಕೂತು ಹೇಳುತ್ತಿದ್ದ ದೀಪದ ಪದ. ಐದು ನುಡಿ. ಮಣ್ಣಿನದೊಂದು, ಹತ್ತಿಯದೊಂದು, ಎಣ್ಣೆಯದೊಂದು, ಕಿಡಿಯದೊಂದು, ಕಡೆಯದು ಬೆಳಕಿನದು. ಒಂದೊಂದು ನುಡಿಗೂ ಅದರದೇ ಏರು, ಅದರದೇ ಇಳಿತ. ತಾಯಿಯ ಬಾಯಿಂದ ಮಗಳಿಗೆ, ಅತ್ತೆಯ ಬಾಯಿಂದ ಸೊಸೆಗೆ ಹರಿದು ಬಂದದ್ದು. ಅದಕ್ಕೊಂದು ಕಟ್ಟಳೆಯೂ ಇತ್ತು. ಉರಿಯುವ ದೀಪ ಎದುರಿಗಿಲ್ಲದೆ ಇಡೀ ಪದ ಹೇಳಕೂಡದು. ಒರಳ ಮುಂದೆಯೋ ತೊಟ್ಟಿಲ ಪಕ್ಕದಲ್ಲೋ ತಾನಾಗಿ ಬಾಯಿಗೆ ಬಂದರೆ ಒಂದು ನುಡಿ ಹೇಳಿ ನಿಲ್ಲಿಸಬೇಕು. ಮುಂದಿನ ಸಲ ನಿಲ್ಲಿಸಿದ ಕಡೆಯಿಂದ ಎತ್ತಿಕೊಳ್ಳಬೇಕು, ಪುರಾಣ ಓದುವವರು ನೆನ್ನೆಯ ಪದ್ಯದಿಂದ ಮುಂದಕ್ಕೆ ಹೋಗುವ ಹಾಗೆ.

ಆ ಪದವನ್ನು ಸೆರಗಿಗೆ ಕಟ್ಟಿಕೊಂಡು ತುಳಸಮ್ಮ ಚಾಮರಾಜಪೇಟೆಗೆ ಸೊಸೆಯಾಗಿ ಬಂದರು. ಗಂಡ ಶೀನಣ್ಣನಿಗೆ ಶಬ್ದದ ಹುಚ್ಚು. ಹಿತ್ತಲಿನ ಹಳೆಯ ದನದ ಕೊಟ್ಟಿಗೆಗೆ ಗೋಣಿತಾಟು, ಕಂಬಳಿ ಹೊಡೆದು ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿದ್ದರು. ಭಜನಾ ಮಂಡಳಿಯವರು, ಹರಿಕಥೆ ದಾಸರು ಬಂದು ಕ್ಯಾಸೆಟ್ ಮಾಡಿಸಿಕೊಂಡು ಹೋಗುತ್ತಿದ್ದರು. ಹೊಸ ಟೇಪು ಕಣ್ಣು ಬಿಟ್ಟೊಡನೆ 'ಹಲೋ ಹಲೋ ಮೈಕ್ ಟೆಸ್ಟಿಂಗ್' ಅನ್ನುವುದನ್ನು ಕೇಳಬಾರದು ಎಂಬುದು ಶೀನಣ್ಣನ ನಂಬಿಕೆ. ಅದಕ್ಕೇ ಯಾರದೇ ಹಾಡಿರಲಿ, ಮೊದಲು ಅಡಿಗೆಮನೆಯ ಕಡೆ ತಿರುಗಿ ಕೂಗುವರು: "ತುಳಸೀ, ಒಂದು ನುಡಿ!" ಆಕೆ ಕೈ ಒರೆಸಿಕೊಂಡು ಬಂದು ಮೈಕಿನ ಮುಂದೆ ಒಂದು ನುಡಿ ಹೇಳುವರು. ಅದರ ಮೇಲೆ ಶೀನಣ್ಣ ದನಿಯ ಲೆವೆಲ್ ನೋಡಿಕೊಳ್ಳುವರು. ಎಲ್ಲ ಮುಗಿದ ಮೇಲೆ ಆ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ಬುಟ್ಟಿಗೆ ಹಾಕುವರು. ಬೆಂಡೆಕಾಯಿಯ ತೊಟ್ಟು ತೆಗೆದ ಹಾಗೆ, ಯಾರಿಗೂ ಅದರ ಬಗ್ಗೆ ಎರಡನೆಯ ಯೋಚನೆ ಇರಲಿಲ್ಲ.

ಹೀಗಿರುವಾಗ ತೊಂಬತ್ತಾರರಲ್ಲಿ ಮೂವರು ಹುಡುಗರು ಬಂದರು. ಹಾಡುವವನು ಬಸವನಗುಡಿಯ ವಸಿಷ್ಠ. ಗಿಟಾರಿನವನು ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿ ಚಂದ್ರಶೇಖರಯ್ಯನವರ ಮಗ ಮನೋಹರ. ಡ್ರಮ್ಸಿನವನು ಮಲ್ಲೇಶ್ವರದ ಅಭಿರಾಮ. ಬೇರೆ ಸ್ಟುಡಿಯೋದವರು ಇವರ ಸದ್ದಿಗೆ ಹೆದರಿ ಬಾಗಿಲು ಹಾಕಿದ್ದರಂತೆ.

"ಏನಪ್ಪಾ ನಿಮ್ಮ ಮಂಡಳಿ ಹೆಸರು?" ಶೀನಣ್ಣ ಕೇಳಿದರು.

"ಲಾಸ್ಟ್ ಕ್ರಾಸ್, ಅಂಕಲ್," ಅಂದ ವಸಿಷ್ಠ.

"ಅಡ್ರೆಸ್ಸಲ್ಲಪ್ಪ, ಹೆಸರು."

"ಹೆಸರೇ ಅದು ಅಂಕಲ್."

"ಸರಿ. ಸಂಗೀತ ಯಾವ ಥರದ್ದು?"

"ಮೆಲೋಡಿಕ್ ಹಾರ್ಡ್‌ಕೋರ್."

"ಅಂದ್ರೆ?"

ಮನೋಹರ ವಸಿಷ್ಠನ ಕಡೆ ಬೆರಳು ತೋರಿಸಿ ಹೇಳಿದ: "ಇವನು ಕಿರುಚ್ತಾನೆ ಅಂಕಲ್. ನಾನು ಅದರ ಕೆಳಗೆ ರಾಗ ಬಿಡದೆ ಹಿಡ್ಕೊಂಡಿರ್ತೀನಿ."

ಗೋಡೆಗೆ ಅಂಟಿಸಲೆಂದು ಅಭಿರಾಮ ಒಂದು ಕಟ್ಟು ಮೊಟ್ಟೆ ಟ್ರೇ ತಂದಿದ್ದ. ಸದ್ದು ಹೊರಗೆ ಹೋಗಲ್ಲ ಎಂದು ಯಾರೋ ಹೇಳಿದ್ದರಂತೆ. ತುಳಸಮ್ಮ ಬಾಗಿಲಲ್ಲೇ ತಡೆದರು. "ಅದನ್ನ ಅಲ್ಲೇ ಕಾಂಪೌಂಡ್ ಆಚೆ ಇಟ್ಟು ಬಾರಪ್ಪ. ಇನ್ನೆರಡು ಕಂಬಳಿ ಕೊಡ್ತೀನಿ."

ಶೀನಣ್ಣ ಎಂದಿನಂತೆ ಕೂಗಿದರು. ತುಳಸಮ್ಮ ಬಂದು ಮೈಕಿನ ಮುಂದೆ ನಿಂತು ಮಣ್ಣಿನ ನುಡಿ ಹೇಳಿದರು: 'ಕೆರೆಯಂಗಳದ ಮಣ್ಣೆ, ಕುಂಬಾರಣ್ಣನ ಕೂಸೆ, ಹಣತೆಯಾಗಿ ನಮ್ಮ ಮನೆಗೆ ಬಾರೆ.' ಇದು ಲೆವೆಲ್ ನೋಡುವುದಕ್ಕೆ ಎಂದು ಅಭಿರಾಮನಿಗೆ ಯಾರೂ ಹೇಳಿರಲಿಲ್ಲ. ಅವನು ಪಾಪ, ಇದೇ ತಮಗೆ ಸನ್ನೆ ಅಂದುಕೊಂಡ. 'ಬಾರೆ' ಎಂಬ ಕಡೆಯ ಎಳೆ ಇನ್ನೂ ಗಾಳಿಯಲ್ಲಿರುವಾಗಲೇ ಢಬ್ ಎಂದು ಹೊಡೆದ. ಅವನು ಹೊಡೆದದ್ದೇ ಮನೋಹರನ ಗಿಟಾರು ಹಾರಿತು, ವಸಿಷ್ಠ ಕಿರುಚಿದ. ತುಳಸಮ್ಮ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿದರು. ಆದರೆ ಹಾಡು ಹಿಡಿದುಬಿಟ್ಟಿತ್ತು. ಆಮೇಲೆ ಎಷ್ಟು ಸಲ ನುಡಿಸಿದರೂ ಆ ಕಸುವು ಬರಲಿಲ್ಲ.

"ಬ್ಲೇಡ್ ಇಟ್ರೆ ನಿನ್ನ ಡ್ರಮ್ಮಿನ ತಲೇನೂ ಹೋಗತ್ತಲ್ಲೋ," ಶೀನಣ್ಣ ತಲೆ ಕೆರೆದುಕೊಂಡರು.

"ಇರ್ಲಿ ಬಿಡಿ ಅಂಕಲ್," ಅಂದ ವಸಿಷ್ಠ. "ಅಮ್ಮ ಹೇಳಿದ್ದು ಹೋಗೋದು ಬೇಡ."

ಹಾಗೆ ಲಾಸ್ಟ್ ಕ್ರಾಸಿನ ಮೊದಲ ಕ್ಯಾಸೆಟ್ಟು ಹೆಂಗಸೊಬ್ಬಳ ದೀಪದ ಪದದಿಂದ ಶುರುವಾಯಿತು.

ಕಾಫಿ ಕುಡಿಯುವಾಗ ತುಳಸಮ್ಮ ವಸಿಷ್ಠನನ್ನು ಕೇಳಿದ್ದರು: "ಅಷ್ಟು ಕಿರುಚ್ತೀಯಲ್ಲ, ಏನಂತ ಮಗೂ?"

"ಬಿದ್ದವರನ್ನ ಬಿಟ್ಟು ಹೋಗ್ಬೇಡಿ, ಎತ್ತಿ ಅಂತ, ಅಮ್ಮ."

"ಅದನ್ನ ಮೆತ್ತಗೆ ಹೇಳಿದ್ರೆ ಕೇಳಲ್ವಾ ಜನ?"

"ಮೆತ್ತಗೆ ಹೇಳಿ ನೋಡಾಯ್ತಮ್ಮ."

"ಅದೂ ಸರಿಯೇ. ಮೊಸಳೆ ಕಾಲು ಹಿಡಿದಾಗ ಗಜೇಂದ್ರನೂ ಮೆತ್ತಗೆ ಕೂಗಿರಲಿಲ್ಲ," ಅಂದರು ತುಳಸಮ್ಮ. ಅಂದಿನಿಂದ ಅವರು ಕಿವಿ ಮುಚ್ಚಿಕೊಳ್ಳಲಿಲ್ಲ. ಕೇಳುತ್ತ ಕೇಳುತ್ತ ಬೇಲಿಯ ಮುಳ್ಳಿನೊಳಗೆ ಮಲ್ಲಿಗೆ ಬಳ್ಳಿ ಹಬ್ಬಿದ ಹಾಗೆ, ಆ ಅಬ್ಬರದೊಳಗೆ ಮನೋಹರನ ರಾಗ ಹಬ್ಬಿರುವುದು ಅವರಿಗೆ ಕೇಳತೊಡಗಿತು.

ಎರಡು ವರ್ಷದ ಮೇಲೆ ಹುಡುಗರು ಮತ್ತೆ ಬಂದರು. ಈ ಸಲದ ಕ್ಯಾಸೆಟ್ಟಿನಲ್ಲಿ ಒಂದು ಬದಿ ಇವರದು, ಇನ್ನೊಂದು ಬದಿ ಮದರಾಸಿನ ಗೆಳೆಯರ ಬ್ಯಾಂಡಿನದು. ಮೈಕಿನ ಮುಂದೆ ಬಂದ ತುಳಸಮ್ಮನನ್ನು ವಸಿಷ್ಠ ತಡೆದು ಕೇಳಿದ: "ಅಮ್ಮ, ಹೋದ ಸಲ ಹಣತೆ ಮನೆಗೆ ಬಂತು. ಆಮೇಲೇನಾಯ್ತು?"

ತುಳಸಮ್ಮನ ಕಣ್ಣು ಹನಿಗೂಡಿತು. ಸ್ವಂತ ಮಗನೇ ಎಂದೂ ಕೇಳದ ಪ್ರಶ್ನೆ ಅದು. ಈ ಹುಡುಗರಿಗೆ ನಿಲ್ಲಿಸಿದ್ದ ಕಡೆಯಿಂದ ಎತ್ತಿಕೊಂಡು ಹತ್ತಿಯ ನುಡಿ ಹೇಳಿದರು. ಹೊಸ ಶತಮಾನದಲ್ಲಿ ನಾಲ್ಕು ಹಾಡಿನ ಸೀಡಿ ಬಂತು, ಅದರ ಬಾಗಿಲಲ್ಲಿ ಎಣ್ಣೆಯ ನುಡಿ ನಿಂತಿತು. ಆಮೇಲೆ ದೊಡ್ಡ ಆಲ್ಬಮ್ ಬಂತು, ಅದರ ಬಾಗಿಲಲ್ಲಿ ಕಿಡಿಯ ನುಡಿ. ಉಳಿದ ಎಲ್ಲರ ಟೇಪಿನಿಂದಲೂ ತುಳಸಮ್ಮ ಬುಟ್ಟಿಗೆ ಹೋದರು, ಲಾಸ್ಟ್ ಕ್ರಾಸಿನಲ್ಲಿ ಮಾತ್ರ ಉಳಿದರು. ಪ್ರತಿಯೊಂದರ ಮೊದಲ ಪ್ರತಿಯನ್ನೂ ಹುಡುಗರು ಎಲೆ ಅಡಿಕೆಯ ಮೇಲಿಟ್ಟು ತಂದುಕೊಡುವರು. ತುಳಸಮ್ಮ ಅದನ್ನು ದೇವರ ಮನೆಯಲ್ಲಿ ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕ ಇಡುವರು.

ಎರಡು ಸಾವಿರದ ಆರರಲ್ಲಿ ಬ್ಯಾಂಡು ಮುರಿಯಿತು. ಅದೂ ಆ ಕೊಟ್ಟಿಗೆಯಲ್ಲೇ. ಆ ಹೊತ್ತಿಗೆ ಟೇಪು ಹೋಗಿ ಕಂಪ್ಯೂಟರ್ ಬಂದಿತ್ತು. ಮನೋಹರ ತನ್ನದನ್ನೇ ಆಟೋದಲ್ಲಿ ಹೊತ್ತು ತರುತ್ತಿದ್ದ. ತುಳಸಮ್ಮ ಬೆಳಕಿನ ನುಡಿ ಹೇಳಿ ಮುಗಿಸಿದರು. ಆಗ ಮನೋಹರ, "ಇವತ್ತು ಐದೂ ನುಡಿ ಹೇಳಿಬಿಡಿ ಅಮ್ಮ. ಒಂದೇ ಹಾಡಲ್ಲಿ ಉದ್ದಕ್ಕೂ ಹೆಣೀತೀನಿ, ನಮ್ಮ ದೊಡ್ಡ ಕೆಲಸ ಅದೇ ಆಗತ್ತೆ," ಅಂದ.

"ದೀಪ ಇಲ್ಲದೆ ಇಡೀದು ಹೇಳಬಾರದು ಅಂತ ಅಮ್ಮ ಅವತ್ತೇ ಹೇಳಿದಾರೆ," ವಸಿಷ್ಠ ಸಿಡುಕಿದ. "ಅದು ಈ ಮನೇದು. ನಮ್ಮದಲ್ಲ."

"ನೀನ್ಯಾವಾಗ ಪುರೋಹಿತ ಆದೆ ಗುರು?"

"ನೀನ್ಯಾವಾಗ ವ್ಯಾಪಾರಿ ಆದೆ? ಓಹ್, ಹುಟ್ಟಿದಾಗ್ಲೇ ಅಲ್ವಾ?"

ಆ ಮಾತು ಅಡ್ಡ ಬಿದ್ದಿತು. ಮನೋಹರ ತಂತಿ ಸುತ್ತಿಕೊಂಡು ಎದ್ದು ಹೋದ. ಹಾಡು ಆಗಲೇ ಇಲ್ಲ. ತನ್ನ ಪದದಿಂದ ಹುಡುಗರ ಮನಸ್ಸು ಮುರಿಯಿತಲ್ಲ ಎಂಬ ಕೊರಗು ತುಳಸಮ್ಮನಲ್ಲಿ ಉಳಿಯಿತು.

ಮರುವರ್ಷ ಅವರ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಒಣಗಿದ ಎಲೆ ನೆಲದ ಮೇಲೆ ಸರಿದಂಥ ಪಿಸುಮಾತೊಂದೇ ಮಿಕ್ಕಿತು. ಅದರ ಹಿಂದೆಯೇ ಮನೆಗೆ ಸೊಸೆ ಬಂದಳು. ಕುಮಾರ ಪಾರ್ಕಿನ ಹುಡುಗಿ ದೀಪ್ತಿ, ಒಳ್ಳೆಯ ಕೊರಳು. ಅತ್ತೆ ಸೊಸೆಗೆ ಪದ ಕೊಡಬೇಕಾದ ಹೊತ್ತಿಗೆ ಸರಿಯಾಗಿ ಕೊಡುವ ದಾರಿ ಮುಚ್ಚಿತ್ತು. ಮಾತುಗಳನ್ನೇನೋ ಪಿಸುಗುಟ್ಟಿ ಹೇಳಬಹುದು. ಏರಿಳಿತವನ್ನು ಹೇಗೆ ಪಿಸುಗುಟ್ಟುವುದು? ತವರಿನ ಆ ಪದ ಬಲ್ಲ ಕಡೆಯ ಬಾಯಿ ಅವರದೇ. ಶೀನಣ್ಣ ಒಂದು ದಿನ ತಾವೇ ಹಾಡಿ ತೋರಿಸಲು ಹೋದರು. ತುಳಸಮ್ಮ ನಕ್ಕು ಕೈ ಮುಗಿದರು. "ನಿಮ್ಮ ಕಿವಿ ಬಂಗಾರ," ಎಂದು ಪಿಸುಗುಟ್ಟಿದರು, "ಗಂಟಲು ಕಬ್ಬಿಣ."

ಕಾರ್ತಿಕ ಹತ್ತಿರ ಬಂತು. ಒಂದು ಮಧ್ಯಾಹ್ನ ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತ ತುಳಸಮ್ಮ ತಲೆ ಎತ್ತಿದರು. ಸಾಲಿಗ್ರಾಮದ ಪಕ್ಕದಲ್ಲಿ ಎರಡು ಕ್ಯಾಸೆಟ್ಟು, ಎರಡು ಸೀಡಿ ಕೂತಿದ್ದವು. ಮಣ್ಣು, ಹತ್ತಿ, ಎಣ್ಣೆ, ಕಿಡಿ. ಕೈಯ ಬತ್ತಿ ಕೈಯಲ್ಲೇ ನಿಂತಿತು. ಇಷ್ಟು ದಿನ ಅದನ್ನು ಹುಡುಗರ ಪ್ರಸಾದ ಎಂದು ಪೂಜಿಸಿದ್ದರೇ ಹೊರತು, ತನ್ನ ಕಳೆದ ದನಿ ಅಲ್ಲಿ ಕೂತು ತನ್ನನ್ನೇ ನೋಡುತ್ತಿದೆ ಎಂದು ಹೊಳೆದಿರಲಿಲ್ಲ. ದೀಪ್ತಿಯನ್ನು ಕೈಸನ್ನೆ ಮಾಡಿ ಕರೆದರು.

ದೀಪ್ತಿ ಒಂದೊಂದಾಗಿ ಕೇಳಿದಳು. ದಿನಕ್ಕೊಂದು ನುಡಿಯಂತೆ ಕಲಿತಳು. ನಾಲ್ಕು ಕೈಗೆ ಬಂದವು. "ಐದನೇದು, ಅತ್ತೆ?"

ಐದನೆಯದು ಹೊರಗೇ ಬಂದಿರಲಿಲ್ಲ. ಬೆಳಕಿಲ್ಲದ ದೀಪದ ಪದ ಯಾವ ಕೆಲಸಕ್ಕೆ? ತುಳಸಮ್ಮ ವಸಿಷ್ಠನನ್ನು ಕರೆಸಿದರು. ಅವನೀಗ ಬಸವನಗುಡಿಯ ಕಾಲೇಜಿನಲ್ಲಿ ಪಾಠ ಹೇಳುವ ಮೇಷ್ಟರು.

"ಅದಿದ್ರೆ ಮನೋಹರನ ಹತ್ರಾನೇ ಇರ್ಬೇಕಮ್ಮ," ಅವನು ನೆಲ ನೋಡಿದ. "ನಾನು ಅವನ ಜೊತೆ ಮಾತಾಡಲ್ಲ. ಅವನೂ ಆಡಲ್ಲ."

ತುಳಸಮ್ಮ ಹತ್ತಿರ ಬಾ ಎಂದು ಕರೆದು ಅವನ ಕಿವಿಯಲ್ಲಿ ಹೇಳಿದರು: "ಅವತ್ತು ನನ್ನ ಪದಕ್ಕೋಸ್ಕರ ಜಗಳ ಆಡಿದೆ. ಇವತ್ತು ಅದಕ್ಕೋಸ್ಕರಾನೇ ಮಾತಾಡು ಮಗೂ."

ಅಷ್ಟು ದೊಡ್ಡದಾಗಿ ಕಿರುಚುತ್ತಿದ್ದವನು ತುಳಸಮ್ಮನಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿ ಪಿಸುಮಾತಿನಲ್ಲೇ ಶುರು ಮಾಡಿದ: "ಮನೋ... ನಾನು."

"ಗೊತ್ತು," ಅಂತು ಆ ಕಡೆಯ ದನಿ. "ನಂಬರ್ ಅಳಿಸಿಲ್ಲ ಮಗಾ."

ವಸಿಷ್ಠ ವಿಷಯ ಹೇಳಿದ. "ಆ ಕಂಪ್ಯೂಟರ್ ಗುಜರಿಗೆ ಹೋಯ್ತು ಕಣೋ," ಅಂದ ಮನೋಹರ. ತುಳಸಮ್ಮನ ಕೈ ಸೆರಗನ್ನು ಬಿಗಿಯಾಗಿ ಹಿಡಿಯಿತು. "ಆದ್ರೆ ಡಿಸ್ಕ್ ಬಿಚ್ಚಿ ಇಟ್ಕೊಂಡಿದೀನಿ. ಅಂಗಡೀಲಿ, ಗಲ್ಲಾಪೆಟ್ಟಿಗೆ ಹಿಂದೆ, ಲಿಂಗ ಇಡೋ ಗೂಡಲ್ಲಿ. ನಾಳೆ ಸಂಜೆ ಬರ್ಲಾ?"

"ಬಾರೋ," ಅಂದ ವಸಿಷ್ಠ. ಆಮೇಲೆ ಮೂಗು ಒರೆಸಿಕೊಂಡು, "ಅಭೀನೂ ಎತ್ಕೊಂಡು ಬಾ," ಅಂದ.

ಮಾರನೆಯ ಸಂಜೆ ಕಾರ್ತಿಕದ ಮೊದಲ ಸಂಜೆ. ಅಭಿರಾಮ ಬಾಗಿಲಲ್ಲೇ ಎರಡೂ ಕೈ ಎತ್ತಿ, "ಮೊಟ್ಟೆ ಟ್ರೇ ತಂದಿಲ್ಲಮ್ಮ, ಚೆಕ್ ಮಾಡಿ," ಅಂದ. ಮನೋಹರನೂ ವಸಿಷ್ಠನೂ ಎದುರಾಬದುರು ನಿಂತರು. ಏನು ಹೇಳುವುದೆಂದು ತಿಳಿಯದೆ ವಸಿಷ್ಠ ಅವನ ಭುಜಕ್ಕೆ ಒಂದು ಗುದ್ದಿದ. ಮನೋಹರ ತಿರುಗಿಸಿ ಗುದ್ದಿದ. ಅಲ್ಲಿಗೆ ಲೆಕ್ಕ ಚುಕ್ತಾ ಆಯಿತು.

ಮನೋಹರ ತುಳಸಮ್ಮನ ಕಾಲು ಮುಟ್ಟಿದ. "ಅದನ್ನ ಎಲ್ಲೂ ಹೆಣೀಲಿಲ್ಲಮ್ಮ. ಕೋಪ ಬಂದಾಗಲೂ ಹೆಣೀಲಿಲ್ಲ. ಒಂಟಿಯಾಗಿ ಕೂತಾಗ ಕೇಳ್ತಿದ್ದೆ ಅಷ್ಟೇ."

ಪ್ಲೇಯರ್ ಎಲ್ಲಿಡುವುದು ಎಂದು ಶೀನಣ್ಣ ಕೇಳಿದರು. ತುಳಸಮ್ಮ ದೇವರ ಮನೆಯ ಕಡೆ ಬೆರಳು ತೋರಿಸಿದರು. ಇವತ್ತು ಐದೂ ನುಡಿ ಒಟ್ಟಿಗೆ ಕೇಳುವುದು, ಕಟ್ಟಳೆ ಕಟ್ಟಳೆಯೇ. ಹಣತೆಗೆ ಎಣ್ಣೆ ಎರೆದು, ಹಚ್ಚಿ, ಕೈ ಮುಗಿದು ಕೂತರು. ದೀಪ್ತಿ ಪಕ್ಕದಲ್ಲಿ ಕೂತಳು. ಹುಡುಗರು ಹೊಸಿಲ ಆಚೆ ಸಾಲಾಗಿ ಕೂತರು.

ಶೀನಣ್ಣ ಒಂದಾದ ಮೇಲೊಂದು ಹಾಕಿದರು. ಹುಡುಗರ ಹತ್ತು ವರ್ಷದ ದುಡಿಮೆಯೆಲ್ಲ ಬಾಗಿಲು ಬಾಗಿಲಾಗಿ ತೆರೆದುಕೊಂಡಿತು. ಪ್ರತಿ ಬಾಗಿಲಲ್ಲೂ ತುಳಸಮ್ಮನ ದನಿ, ಮೊದಲನೆಯದರಲ್ಲಿ ಗಟ್ಟಿಯಾಗಿ, ಬರಬರುತ್ತ ಮಾಗಿ. ಕಡೆಯದು ಮನೋಹರ ತನ್ನ ಡಿಸ್ಕಿನಿಂದ ಸೀಡಿಗೆ ಇಳಿಸಿ ತಂದದ್ದು. ಅದರ ಹಿಂದೆ ಡ್ರಮ್ಮಿಲ್ಲ, ಗಿಟಾರಿಲ್ಲ. ಲಾಸ್ಟ್ ಕ್ರಾಸಿನ ಕಟ್ಟಕಡೆಯ ಹಾಡಿನಲ್ಲಿ ಇದ್ದದ್ದು ಅವರೊಬ್ಬರೇ:

'ನನ್ನ ಹಣತೆ ಆರಿದರೆ ಆರಲಿ ತಾಯೆ,
ನೆರೆಮನೆಯ ದೀಪ ಉರಿದಿರಲಿ, ಆ ಬೆಳಕು
ನನ್ನ ಹೊಸಿಲ ದಾಟಿ ಬರಲಿ.'

ಹೊಸಿಲ ಆಚೆ ಕೂತವರನ್ನು ತುಳಸಮ್ಮ ನೋಡಿದರು. ಬುಟ್ಟಿಗೆ ಹೋಗಬೇಕಿದ್ದದ್ದನ್ನು ಹತ್ತು ವರ್ಷ ಹೊತ್ತು ತಿರುಗಿ, ಇವತ್ತು ಅದೇ ಹೊಸಿಲಿಗೆ ತಂದಿಟ್ಟವರು. ಭಗವಂತ ಯಾರ ಕೈಯಲ್ಲಿ ಏನನ್ನು ಜೋಪಾನ ಮಾಡಿಸುತ್ತಾನೋ. ಕಣ್ಣು ತುಂಬಿ ದೀಪ ಎರಡಾಗಿ, ನಾಲ್ಕಾಗಿ ಕಂಡಿತು.

ಬೆಳಕಿನ ನುಡಿಯನ್ನು ಇನ್ನೆರಡು ಸಲ ಹಾಕಿಸಿಕೊಂಡು ದೀಪ್ತಿ ಕಲಿತಳು. ಆಮೇಲೆ ಪ್ಲೇಯರ್ ನಿಲ್ಲಿಸಿ, ದೀಪದ ಮುಂದೆ ತಾನೇ ಎತ್ತಿಕೊಂಡಳು. ಕೆರೆಯಂಗಳದ ಮಣ್ಣು ಬಂತು, ಕುಂಬಾರಣ್ಣನ ಕೂಸು ಬಂತು. 'ಬಾರೆ' ಎಂಬ ಕಡೆಯ ಎಳೆ ಎಳೆದು ದೀಪ್ತಿ ಸಟ್ಟನೆ ನಿಂತುಬಿಟ್ಟಳು. ಕ್ಯಾಸೆಟ್ಟಿನಿಂದ ಕಲಿತವಳು ಅವಳು. ಅಲ್ಲಿ ಒಂದು ಹೊಡೆತ ಬೀಳಬೇಕು ಎಂದು ಅವಳ ಕಿವಿ ಕಾಯುತ್ತಿತ್ತು.

ಹೊಸಿಲ ಆಚೆ ಅಭಿರಾಮ ತಲೆ ತಗ್ಗಿಸಿದ. "ಸಾರಿ ಅಮ್ಮ. ಅದು ಪದದ್ದಲ್ಲ, ನನ್ನ ತಪ್ಪು."

ತುಳಸಮ್ಮ ಇಲ್ಲ ಎಂದು ತಲೆಯಾಡಿಸಿದರು. ಬಲಗೈ ಎತ್ತಿ, ಅಂಗೈ ಅಗಲಿಸಿ, ದೇವರ ಮನೆಯ ನೆಲಕ್ಕೆ ಢಬ್ ಎಂದು ಒಂದು ಹೊಡೆದರು. ಹಣತೆಯ ಕುಡಿ ಒಮ್ಮೆ ಅಲುಗಿ ನೆಟ್ಟಗಾಯಿತು. ದೀಪ್ತಿ ನಗುತ್ತ ಹತ್ತಿಯ ನುಡಿಗೆ ಹೋದಳು.